ಇವತ್ತು ಯಾವ ವರ್ಷ ಬಂತು?

ನಮ್ಮ ಸಾತಗೇರಾದ ಜನ ಆ ಯಂತ್ರಕ್ಕೆ ಜಾತಕದ ಮಷಿನ್ ಎಂದು ಹೆಸರಿಟ್ಟಿದ್ದರು. ಸರಕಾರಿ ಕಾಗದದಲ್ಲಿ ಅದಕ್ಕೆ ಒಂದೂವರೆ ಸಾಲಿನಷ್ಟು ಉದ್ದದ ಹೆಸರಿತ್ತು. ಉದ್ಘಾಟನೆಗೆ ಬಂದ ಮಂತ್ರಿಗಳು ಅದನ್ನು ಓದುವಾಗ ಎರಡು ಸಲ ತಡವರಿಸಿ, ಮೂರನೆಯ ಸಲ "ಈ ಮಷಿನು" ಎಂದು ಮುಗಿಸಿ ಕೈ ತೊಳೆದುಕೊಂಡರು. ನಾನು ಜಗದೇವಿ, ಆ ಮಷಿನ್ ನೋಡಿಕೊಳ್ಳುವವಳು. ಎರಡು ಸಾವಿರದ ಮೂವತ್ತೆಂಟರ ಆ ಮಳೆಗಾಲದಲ್ಲಿ ನನಗೆ ಐವತ್ತೊಂಬತ್ತು ನಡೆಯುತ್ತಿತ್ತು. ನಿವೃತ್ತಿಗೆ ಒಂದು ವರ್ಷ ಬಾಕಿ.

ಮಷಿನ್ ಮಾಡುತ್ತಿದ್ದುದು ಇಷ್ಟು. ಮನುಷ್ಯ ತಯಾರಿಸಿದ ಕೆಲವು ಔಷಧಗಳು, ವಿಷಗಳು ಮಣ್ಣಿಗೆ ಬಿದ್ದರೆ ಕೊಳೆಯುವುದಿಲ್ಲ, ಕರಗುವುದಿಲ್ಲ. ಕರೆಯದೆ ಬಂದ ನೆಂಟರ ಹಾಗೆ ವರ್ಷಗಟ್ಟಲೆ ಕೂತುಬಿಡುತ್ತವೆ. ಆದರೆ ಮಣ್ಣಿನಲ್ಲಿರುವ ಕಣ್ಣಿಗೆ ಕಾಣದ ಜೀವಿಗಳು ಸುಮ್ಮನಿರುತ್ತವೆಯೇ? ಮಳೆಗಾಲದಲ್ಲಿ ಒಂದಷ್ಟು ಕಚ್ಚಿ ನೋಡುತ್ತವೆ, ಬೇಸಿಗೆಯಲ್ಲಿ ಬಿಡುತ್ತವೆ. ಕರಿಮಣ್ಣಿನ ಜೀವಿಯ ಕಡಿತ ಬೇರೆ, ನಮ್ಮ ಕೆಂಪು ಜಂಬಿಟ್ಟಿಗೆ ಮಣ್ಣಿನ ಜೀವಿಯ ಕಡಿತ ಬೇರೆ. ಎಮ್ಮೆಯ ಕೋಡಿನ ಉಂಗುರ ಎಣಿಸಿ ವಯಸ್ಸು ಹೇಳುವ ಹಾಗೆ, ಈ ಕಡಿತಗಳನ್ನು ಒಂದೊಂದು ಅಣುವಿನ ಮೇಲೂ ಓದಿ, ಅದು ಯಾವ ಮಣ್ಣಿಗೆ ಯಾವ ವರ್ಷ ಯಾವ ತಿಂಗಳಲ್ಲಿ ಬಿತ್ತು, ಎಷ್ಟು ಆಳದಲ್ಲಿ ಕೂತಿತ್ತು ಎಂದು ಮಷಿನ್ ಹೇಳುತ್ತಿತ್ತು. ಒಂದು ಲೋಟ ನೀರು ಹಾಕಿದರೆ ಅರ್ಧ ಗಂಟೆಯಲ್ಲಿ ಪರದೆಯ ಮೇಲೆ ವರ್ಷಗಳ ಪಟ್ಟಿ ಮೂಡುತ್ತಿತ್ತು. ಊರಿನವರು ತಮ್ಮ ಬೋರಿನ ನೀರನ್ನು ಬಾಟಲಿಯಲ್ಲಿ ತಂದು, "ಇದರದೊಂದಿಷ್ಟು ಜಾತಕ ನೋಡ್ರಿ" ಎಂದು ಸಾಲು ಹಚ್ಚುತ್ತಿದ್ದರು. ಮದುವೆಯಾದ ವರ್ಷ ಬಂದರೆ ಕೆಲವರು ಗಂಡನ ಕಡೆ ತಿರುಗಿ ನಗುತ್ತಿದ್ದರು. ಬಂದದ್ದು ವಿಷ ಎಂಬುದು ಆ ಗಳಿಗೆಯಲ್ಲಿ ಯಾರಿಗೂ ನೆನಪಿರುತ್ತಿರಲಿಲ್ಲ.

ಮಷಿನ್ ಇದ್ದದ್ದು ಕರೇಜಿನ ಬಾಯಿಯಲ್ಲಿ. ಬೀದರ್ ಸೀಮೆಯವರಿಗೆ ಕರೇಜ್ ಅಂದರೆ ಗೊತ್ತು. ಗೊತ್ತಿಲ್ಲದವರಿಗೆ ಹೇಳಬೇಕೆಂದರೆ, ಅದು ಸುಲ್ತಾನರ ಕಾಲದಲ್ಲಿ ನೆಲದೊಳಗೆ ಕೊರೆದ ಸುರಂಗ. ಎತ್ತರದ ದಿಬ್ಬದ ಒರತೆ ನೀರನ್ನು ಒಂದಿಷ್ಟೇ ಇಳಿಜಾರು ಕೊಟ್ಟು ಊರವರೆಗೆ ನಡೆಸಿಕೊಂಡು ಬರುತ್ತದೆ. ನಡುನಡುವೆ ಗಾಳಿ ಬೆಳಕಿಗೆಂದು, ಮಣ್ಣು ಎತ್ತಲೆಂದು, ನೆಲದಿಂದ ಸುರಂಗಕ್ಕೆ ನೆಟ್ಟಗೆ ಇಳಿಯುವ ಗಾಳಿಬಾವಿಗಳು. ನಮ್ಮ ಕರೇಜಿಗೆ ಇಪ್ಪತ್ತೆರಡು ಗಾಳಿಬಾವಿ. ನಾನು ಹುಟ್ಟುವುದಕ್ಕಿಂತ ಎಷ್ಟೋ ಮೊದಲೇ ಸುರಂಗ ಹೂಳು ತುಂಬಿ ಸತ್ತುಹೋಗಿತ್ತು. ಅದೊಂದು ನೀರಿನ ದಾರಿ ಎಂಬುದೇ ಊರಿಗೆ ಮರೆತಿತ್ತು. ಎರಡು ಸಾವಿರದ ಮೂವತ್ತೈದರಲ್ಲಿ ಹೂಳು ತೆಗೆದು ಅದನ್ನು ಮತ್ತೆ ಹರಿಸಿದರು. ಮೋಟಾರು ಬೇಡ, ಕರೆಂಟು ಬೇಡ, ಸೀತಾಫಲದ ತಿರುಳಿನಷ್ಟು ಸಿಹಿ ನೀರು. ನಾಲ್ಕು ಸಾವಿರ ಮನೆಗೆ ಅದೇ ಕುಡಿಯುವ ನೀರಾಯಿತು.

ಎಲ್ಲರಿಗಿಂತ ಹೆಚ್ಚು ಸಂತೋಷಪಟ್ಟವನು ನನ್ನ ಅಪ್ಪ ಝರೆಪ್ಪ. ಆಗ ಎಂಬತ್ನಾಲ್ಕು. ದಿನಾ ಸಂಜೆ ನಾನು ಕೆಲಸ ಮುಗಿಸಿ ಬರುವಾಗ ಒಂದು ತಂಬಿಗೆ ಕರೇಜಿನ ನೀರು ತರಬೇಕು. ನಲ್ಲಿಯಲ್ಲೂ ಅದೇ ನೀರು ಬರುತ್ತಿತ್ತು, ಆದರೆ ಅವನಿಗೆ ಬಾಯಿಯಲ್ಲಿ ಹಿಡಿದದ್ದೇ ಬೇಕು. ಗಟಗಟ ಕುಡಿದು, ಮೀಸೆ ಒರೆಸಿಕೊಂಡು, "ಭೂಮಿ ಒಳಗಿಂದ ಬಂದಿದ್ದು. ಯಾರದೂ ಕೈ ತಾಗಿಲ್ಲ ನೋಡು" ಎನ್ನುತ್ತಿದ್ದ.

ಯಾರ ಕೈಯೂ ತಾಗಿಲ್ಲ. ಈ ಮಾತು ನನಗೆ ಆಮೇಲೆ ಎಷ್ಟು ದಿನ ಚುಚ್ಚಿತು ಎಂದು ಹೇಳಲಾರೆ.

ಅಪ್ಪ ಮಲೇರಿಯಾ ಇಲಾಖೆಯಲ್ಲಿ ಔಷಧ ಹೊಡೆಯುವವನಾಗಿದ್ದ. ಊರಲ್ಲಿ ಅವನ ಹೆಸರು ಪಂಪಿನ ಝರೆಪ್ಪ. ಖಾಕಿ ಅಂಗಿ, ತಲೆಗೆ ಬಿಳಿ ಟೊಪ್ಪಿಗೆ, ಸೈಕಲ್ಲಿನ ಹಿಂದೆ ಹಿತ್ತಾಳೆಯ ಪಂಪು. ವರ್ಷಕ್ಕೆ ಎರಡು ಸುತ್ತು: ಜೂನಿನಲ್ಲಿ ಮಿರಗದ ಮಳೆ ಹಿಡಿಯುವಾಗ ಒಂದು, ಸೆಪ್ಟೆಂಬರಿನ ಉತ್ತರಿ ಮಳೆಗೆ ಇನ್ನೊಂದು. ಡಿ.ಡಿ.ಟಿ. ಪುಡಿಯನ್ನು ಬಕೆಟ್ಟಿನ ನೀರಿಗೆ ಕಲಸಿದರೆ ಮಜ್ಜಿಗೆಯ ಹಾಗೆ ಬೆಳ್ಳಗಾಗುತ್ತಿತ್ತು. ಮನೆಯ ಗೋಡೆಗಳಿಗೆಲ್ಲ ಸಮನಾಗಿ ಹೊಡೆದು, ಹೊರಗೆ ಬಂದು ಬಾಗಿಲ ಪಕ್ಕ ಕಾವಿಯಲ್ಲಿ ಬರೆಯುತ್ತಿದ್ದ: ಡಿ.ಡಿ.ಟಿ., ಯಾವ ಸುತ್ತು, ತಾರೀಖು, ಕೊನೆಗೆ ತನ್ನದೊಂದು ಅಕ್ಷರ, ಝ. ಬೇರೆಯವರು ತಾರೀಖು ಹಾಕಿ ಹೋಗುತ್ತಿದ್ದರು. ಅಪ್ಪನಿಗೆ ಮಾತ್ರ ಆ ಝ ಬೀಳದೆ ಕೆಲಸ ಮುಗಿಯುತ್ತಿರಲಿಲ್ಲ. ಅಷ್ಟಾದ ಮೇಲೆ ಮನೆಯ ಹೆಂಗಸಿಗೆ ಗಂಟಲು ಗಟ್ಟಿ ಮಾಡಿ ಹೇಳುತ್ತಿದ್ದ, "ಮೂರ ತಿಂಗಳ ಗ್ವಾಡಿ ಸಾರಸಬ್ಯಾಡ್ರಿ." ಸಾರಿಸಿದರೆ ಔಷಧ ಸಗಣಿಯಡಿಗೆ ಹೋಗಿಬಿಡುತ್ತದೆ ಎಂದು. ಅವರು ಸೆರಗು ಮೂಗಿಗೆ ಹಿಡಿದು, "ಆಯ್ತ್ರಿ ಪಂಪಿನ ಸಾಹೇಬ್ರ" ಎನ್ನುತ್ತಿದ್ದರು. ಅಪ್ಪ ಸಾಹೇಬನಾಗುತ್ತಿದ್ದದ್ದು ಆ ಎರಡು ಸುತ್ತುಗಳಲ್ಲಿ ಮಾತ್ರ.

ಶಾಲೆಗೆ ರಜೆ ಇದ್ದ ದಿನ ನಾನೂ ಅವನ ಹಿಂದೆ ಹೋಗುತ್ತಿದ್ದೆ. ಆ ಔಷಧದ ವಾಸನೆ ಎಲ್ಲರಿಗೂ ತಲೆನೋವು, ನನಗೆ ಅಪ್ಪನ ವಾಸನೆ. ಸಂಜೆ ಕೆಲಸ ಮುಗಿದ ಮೇಲೆ ಪಂಪು, ಬಕೆಟ್ಟು ತೊಳೆದ ನೀರನ್ನೂ ಉಳಿದ ಔಷಧವನ್ನೂ ಎರಡು ಡಬ್ಬಿಗಳಲ್ಲಿ ತುಂಬಿ ದರ್ಗಾದ ಆಚೆ ಸೀತಾಫಲದ ಪೊದೆಗಳ ಕಡೆ ಒಯ್ಯುತ್ತಿದ್ದ. ನನ್ನನ್ನು ದರ್ಗಾದ ಕಟ್ಟೆಯ ಮೇಲೆ ಕೂಡಿಸಿ, "ಇಲ್ಲೇ ಕುಂದುರು, ಹಿಂದ ಬರಬ್ಯಾಡ" ಎಂದು ಬೆರಳು ತೋರಿಸುತ್ತಿದ್ದ. ಸ್ವಲ್ಪ ಹೊತ್ತಿಗೆ ಖಾಲಿ ಡಬ್ಬಿ ಹಿಡಿದು, ಉತ್ತರಿ ಸುತ್ತಿನಲ್ಲಾದರೆ ಅಂಗಿಯ ತುಂಬ ಮಾಗಿದ ಸೀತಾಫಲ ಕಟ್ಟಿಕೊಂಡು ಬರುತ್ತಿದ್ದ. ಅವನು ಎಲ್ಲಿಗೆ ಹೋಗಿ ಬಂದ ಎಂದು ನಾನು ಕೇಳಿದ್ದೇ ಇಲ್ಲ. ಕೈಯಲ್ಲಿ ಹಣ್ಣಿರುವಾಗ ಯಾರು ಕೇಳುತ್ತಾರೆ?

ಜುಲೈ ಹನ್ನೆರಡನೆಯ ತಾರೀಖು ಬೆಳಿಗ್ಗೆ ಹತ್ತೂವರೆಗೆ ಮಷಿನ್ ಕೂಗಿಕೊಂಡಿತು. ಕರೇಜಿನ ನೀರಿಗೆ ಅದು ಕೂಗಿದ್ದು ಮೂರು ವರ್ಷದಲ್ಲಿ ಮೊದಲ ಸಲ. ಹಿಂದಿನ ವಾರವೆಲ್ಲ ಮಳೆ ಜಡಿದಿತ್ತು, ಕರೇಜಿನ ನೀರು ಒಂದಿಷ್ಟು ಕೆಂಪಾಗಿ ಬರುತ್ತಿತ್ತು. ಪರದೆಯ ಮೇಲೆ ಹೆಸರು ಮೂಡಿತು: ಡಿ.ಡಿ.ಟಿ. ಅದರ ಕೆಳಗೆ ವರ್ಷಗಳು. ಎಪ್ಪತ್ತನಾಲ್ಕರಿಂದ ತೊಂಬತ್ತೊಂದರವರೆಗೆ, ವರ್ಷಕ್ಕೆ ಎರಡೆರಡು ಗುಂಪು. ಒಂದು ಜೂನ್, ಒಂದು ಸೆಪ್ಟೆಂಬರ್. ನಮ್ಮದೇ ಕೆಂಪು ಮಣ್ಣು, ನಲವತ್ತು ಅಡಿ ಆಳ.

ಮಷಿನ್ ಕೇಂದ್ರದ ಎಂಜಿನಿಯರ್ ನಿಖತ್ ನನಗಿಂತ ಇಪ್ಪತ್ತೈದು ವರ್ಷ ಚಿಕ್ಕವಳು, ಬೀದರ್ ಕೋಟೆಯ ಪಕ್ಕದ ಹುಡುಗಿ. ಅಧಿಕಾರಿಯಾದರೂ ನನ್ನನ್ನು ಅಕ್ಕಾ ಎಂದೇ ಕರೆಯುತ್ತಿದ್ದಳು. ಅವಳು ಪರದೆಯ ಹತ್ತಿರ ಕುರ್ಚಿ ಎಳೆದುಕೊಂಡಳು.

"ಅಕ್ಕಾ, ಇದು ಹೊಲದಿಂದ ಬಂದಿದ್ದಲ್ಲ ನೋಡ್ರಿ. ಈ ಔಷಧ ನೀರಾಗ ಕರಗೋದಿಲ್ಲ, ನುಣ್ಣನ ಮಣ್ಣ ಹಿಡ್ಕೊಂಡ ಕುಂತಿರ್ತದ. ಮಣ್ಣ ಕದಲಿದರ ಅದರ ಮ್ಯಾಲ ಕುಂತ ಹೊಂಡ್ತದ. ಹೊಲದಾಗ ಹರಡಿದ್ದರ ಬಿಸಲಿಗಿ ಗಾಳಿಗಿ ಅರ್ಧಕ್ಕರ್ಧ ಹೋಗಿಬಿಡ್ತಿತ್ತು. ಇದನ್ನ ಯಾರೋ ಒಂದೇ ಜಾಗಾದಾಗ, ಕತ್ತಲದಾಗ, ವರ್ಷಾ ಎರಡ ಸಲ ತಪ್ಪದ ತಂದ ಹಾಕ್ಯಾರ. ಭಾಳ ನೇಮದ ಮನಷ್ಯಾ ಇದ್ದಾನ."

"ಒಂದ ಸುತ್ತು ತಪ್ಯಾನ" ಎಂದೆ.

ಪಟ್ಟಿಯಲ್ಲಿ ಎಂಬತ್ತೆಂಟರ ಜೂನ್ ಇರಲಿಲ್ಲ. ಸೆಪ್ಟೆಂಬರ್ ಇತ್ತು, ಜೂನ್ ಇಲ್ಲ. ಎಂಬತ್ತೆಂಟರ ಮಿರಗದಲ್ಲಿ ಅಪ್ಪ ಸೈಕಲ್ ಸಮೇತ ನಾಲೆಗೆ ಬಿದ್ದು ಕಾಲು ಮುರಿದುಕೊಂಡಿದ್ದ. ನನಗಾಗ ಒಂಬತ್ತು ವರ್ಷ. ಎರಡು ತಿಂಗಳು ಅವನು ಹಾಸಿಗೆಯಲ್ಲಿ, ಅವ್ವ ಕಾಶಮ್ಮ ತಲೆಯ ಮೇಲೆ ಕೈಹೊತ್ತು. ಆ ಸುತ್ತನ್ನು ಹುಮನಾಬಾದ್ ಕಡೆಯ ಯಾರೋ ಒಬ್ಬ ಬಂದು ಮುಗಿಸಿದ. ತೊಳೆದ ನೀರನ್ನು ಅವನು ಬಯಲಲ್ಲೇ ಎಲ್ಲೆಂದರಲ್ಲಿ ಚೆಲ್ಲಿದ ಎಂದು ಅಪ್ಪ ಹಾಸಿಗೆಯಿಂದಲೇ ಬಯ್ದಿದ್ದು ನನಗೆ ನೆನಪಿದೆ. ಆ ಬೇಜವಾಬ್ದಾರಿ ಮನುಷ್ಯ ಚೆಲ್ಲಿದ್ದನ್ನು ಬಿಸಿಲು ತಿಂದುಹಾಕಿತ್ತು. ಅಪ್ಪ ಜೋಪಾನವಾಗಿ ಇಟ್ಟದ್ದು ಜೋಪಾನವಾಗಿಯೇ ಉಳಿದಿತ್ತು.

ನಿಖತ್ ನಕ್ಷೆ ತೆಗೆದಳು. ಆಳದ ಲೆಕ್ಕಕ್ಕೆ ಮೂಲ ಹದಿನಾಲ್ಕನೆಯ ಗಾಳಿಬಾವಿಗೂ ಹದಿನೆಂಟನೆಯದಕ್ಕೂ ನಡುವೆ ಎಲ್ಲೋ ಇದೆ ಎಂದು ಮಷಿನ್ ಹೇಳುತ್ತಿತ್ತು. ಆ ಭಾಗದ ಐದೂ ಗಾಳಿಬಾವಿಗಳು ಹಿಂದೆಂದೋ ಮುಚ್ಚಿಹೋಗಿ, ಮೇಲೆ ಓಣಿ, ಮನೆ, ಅಂಗನವಾಡಿ ಎದ್ದಿದ್ದವು. ಸುಮ್ಮನೆ ಒಂದೊಂದಾಗಿ ಅಗೆಯುವಂತಿಲ್ಲ. ಅಗೆದ ಅದುರಿಗೆ ಹೂಳು ಇನ್ನಷ್ಟು ಕುಸಿದು ಸುರಂಗಕ್ಕೆ ಬೀಳುತ್ತದೆ. ನಿಯಮದ ಪ್ರಕಾರ ಇಪ್ಪತ್ತೊಂದು ದಿನದಲ್ಲಿ ಮೂಲ ಸಿಗಬೇಕು. ಸಿಗದಿದ್ದರೆ ಕರೇಜಿನ ಬಾಯಿಗೆ ಕಾಂಕ್ರೀಟ್ ಹಾಕಿ ಶಾಶ್ವತವಾಗಿ ಮುಚ್ಚಬೇಕು. ಐನೂರು ವರ್ಷದ ನೀರು ಇಪ್ಪತ್ತೊಂದು ದಿನದ ಕೈಯಲ್ಲಿತ್ತು.

"ಊರಾಗ ಯಾರರ ಹಳಿಬ್ರು ಇದ್ದರ ಕೇಳ್ರಿ ಅಕ್ಕಾ. ಯಾರಿಗರ ಗೊತ್ತಿದ್ದೇ ಇರ್ತದ."

"ಕೇಳ್ತೀನ್ರಿ" ಎಂದೆ. ಕೇಳಲಿಲ್ಲ. ಒಂಬತ್ತು ದಿನ ಕೇಳಲಿಲ್ಲ.

ಮನೆಯಲ್ಲಿ ನನ್ನ ಗಂಡ ವೈಜಿನಾಥರಿಗೆ ಮಾತ್ರ ಹೇಳಿದೆ. ಅವರು ನಿವೃತ್ತ ಬಸ್ ಕಂಡಕ್ಟರ್, ಜನ ತುಂಬಿದ ಬಸ್ಸಿನಲ್ಲೇ ಆಯುಷ್ಯ ಕಳೆದವರು. ಯಾವ ಗದ್ದಲಕ್ಕೂ ಜಗ್ಗದ ಮನುಷ್ಯ ಅವತ್ತು ಚಹಾದ ಕಪ್ಪು ಕೆಳಗಿಟ್ಟರು. "ಎಂಬತ್ತೇಳು ವರ್ಷದ ಜೀವ ಅದು. ಇಡೀ ಊರಿಗಿ ಔಷಧ ಹೊಡದ ಬದುಕಿಸೀನಿ ಅನ್ನೋ ಒಂದ ಮಾತಿನ ಮ್ಯಾಲ ಕುಂತದ. ಅದನ್ನೂ ಕಸಗೋತಿ ಏನ್?" ಎಂದರು. ನನಗೂ ಅದೇ ಹೆದರಿಕೆ. ಜಾಗ ಕೇಳಿದರೆ ಯಾಕೆ ಎಂದು ಕೇಳುತ್ತಾನೆ. ಯಾಕೆ ಎಂದು ಹೇಳಿದರೆ ಅವನು ಬದುಕಿದ್ದಕ್ಕೇ ಅರ್ಥ ಇಲ್ಲದ ಹಾಗಾಗುತ್ತದೆ.

ನಲ್ಲಿಗಳು ಬಂದ್ ಆಗಿ ಟ್ಯಾಂಕರ್ ಬರತೊಡಗಿತು. ಅಪ್ಪನಿಗೆ ಟ್ಯಾಂಕರ್ ನೀರು ಸೇರಲಿಲ್ಲ.

"ಜಗೂ, ನಮ್ಮ ನೀರ ಯಾಕ ತರವಲ್ಲಿ?"

"ರಿಪೇರಿ ನಡದದ ಅಪ್ಪಾ."

"ಮೋಟಾರ ಇಲ್ಲ, ಪೈಪ ಇಲ್ಲ. ರಿಪೇರಿ ಯಾತರದು?" ಎಂದು ನನ್ನ ಮುಖವನ್ನೇ ನೋಡಿದ. ಮಲೇರಿಯಾ ಇಲಾಖೆಯ ಮನುಷ್ಯ, ಮೂಲೆಮೂಲೆಗೆ ಬ್ಯಾಟರಿ ಬಿಟ್ಟು ಸೊಳ್ಳೆ ಹುಡುಕಿದ ಕಣ್ಣು. ನಾನು ರೊಟ್ಟಿಯ ನೆಪ ಮಾಡಿ ಒಳಗೆ ಹೋದೆ.

ಒಂದು ಮಧ್ಯಾಹ್ನ ಸುತ್ತಿಬಳಸಿ ಪ್ರಯತ್ನಿಸಿದೆ. ಅಪ್ಪನ ಉಗುರು ತೆಗೆಯುತ್ತಾ, ಹಳೆಯ ಮಾತು ಆಡುವವಳ ಹಾಗೆ, "ಅಪ್ಪಾ, ಆವಾಗ ಪಂಪ್ ತೊಳದ ನೀರ ಎಲ್ಲಿ ಚೆಲ್ತಿದ್ದಿರಿ ನೀವೆಲ್ಲ?" ಎಂದೆ.

ಅವನ ಮುಖ ಅರಳಿತು. ಅದು ಅರಳದಿದ್ದರೆ ಚೆನ್ನಾಗಿತ್ತು. "ಉಳದವ್ರು ನಾಲಾಕ ಚೆಲ್ತಿದ್ರು, ಕೆರಿಗಿ ಚೆಲ್ತಿದ್ರು. ದನ ಕುಡೀತಾವ ಅನ್ನೋ ಖಬರ ಇರ್ಲಿಲ್ಲ. ನಂಗ ಟ್ರೇನಿಂಗದಾಗ ಸಾಹೇಬ್ರು ಹೇಳಿದ್ರು: ಜನ ಇಲ್ಲದ, ದನ ಇಲ್ಲದ, ನೀರ ಇಲ್ಲದ ಜಾಗಾ ನೋಡಿ ಗುಂಡ್ಯಾಗ ಹಾಕ್ರಿ ಅಂತ. ಹದಿನೆಂಟ ವರ್ಷ ಒಂದ ಹನಿ ಆಚೀಚಿ ಬೀಳಗೊಟ್ಟಿಲ್ಲ. ಎರಡ ಡಬ್ಬಿ ಹೊತ್ತು ಒಂದ ಮೈಲು ನಡದೀನಿ, ಸುಮ್ನಲ್ಲ."

ಉಗುರು ಕತ್ತರಿ ನನ್ನ ಕೈಯಲ್ಲೇ ನಿಂತಿತು. ಉಳಿದ ಉಗುರು ನಾಳೆ ತೆಗೆಯುತ್ತೇನೆಂದು ಎದ್ದುಬಿಟ್ಟೆ. ನೀರಿಲ್ಲದ ಜಾಗ ಎಂದು ಅವನು ಆರಿಸಿದ ಆ ಒಣಗುಂಡಿ ಸತ್ತ ಕರೇಜಿನ ಗಾಳಿಬಾವಿ ಎಂದು ಅವನಿಗೇನು ಗೊತ್ತು? ಇಲಾಖೆಗೂ ಗೊತ್ತಿರಲಿಲ್ಲ, ಊರಿಗೂ ಗೊತ್ತಿರಲಿಲ್ಲ.

ಹತ್ತನೆಯ ದಿನ ಗುಂಡಮ್ಮ ಅತ್ತೆ ಬಂದಳು. ನಮ್ಮ ಓಣಿಯ ಹಿರಿಯಳು, ಅಪ್ಪನಿಗಿಂತ ಎರಡು ವರ್ಷ ಚಿಕ್ಕವಳು. ಅಪ್ಪ ಒಳಗೆ ಮಲಗಿದ್ದ. ಅವಳು ಕಟ್ಟೆಯ ಮೇಲೆ ಕೂತು ಅಡಕೆ ಕತ್ತರಿಸುತ್ತಾ ಎಂದಿನ ಹಾಗೆ ತಮಾಷೆಯಿಂದಲೇ ಶುರು ಮಾಡಿದಳು. "ಜಾತಕ ನಿನ್ನ ಕೈಯಾಗ ಇಟ್ಕೊಂಡ ಊರಿಗೆಲ್ಲ ಗ್ರಹಚಾರ ಹಚ್ಚೀದಿ ನೋಡು." ನಾನು ನಗಲಿಲ್ಲ. ಅವಳೂ ನಗು ನಿಲ್ಲಿಸಿದಳು.

"ಖರೆ ಹೇಳು ಜಗದೇವಿ. ನಮ್ಮ ಮೊಮ್ಮಗನ ಹೆಂಡತಿ ಬಾಣಂತಿ ಇದ್ದಾಳ. ಹೊಟ್ಯಾಗ ಇದ್ದಾಗಿಂದ ಅದೇ ನೀರ ಕುಡದಾಳ. ಕೂಸಿಗಿ ಹಾಲು ಕೊಡಲತ್ತಾಳ. ಕೊಡ್ಲೋ ಬ್ಯಾಡೋ?"

ಈ ಔಷಧ ಕೊಬ್ಬಿಗೆ ಅಂಟಿಕೊಳ್ಳುತ್ತದೆ, ತಾಯಿಯ ಹಾಲಿಗೂ ಇಳಿಯುತ್ತದೆ ಎಂದು ನನಗೆ ಗೊತ್ತಿತ್ತು. ಕೆಂಪು ನೀರು ಬಂದದ್ದು ಒಂದೇ ವಾರ, ಅಷ್ಟರಲ್ಲಿ ಏನೂ ಆಗಿರುವುದಿಲ್ಲ, ಹಾಲು ಕೊಡಲಿ ಎಂದು ಹೇಳಿದೆ. ಹೇಳಿದ್ದು ನಿಜವೇ. ಆದರೆ ಜಾಗ ಸಿಗದೆ ಒಂದು ದೊಡ್ಡ ಕುಸಿತವಾದರೆ? ಗುಂಡಮ್ಮ ಅತ್ತೆ ಅಡಕೆ ಬಾಯಿಗೆ ಹಾಕಿಕೊಂಡು, ಒಳಗಡೆ ಮಲಗಿದ್ದ ಅಪ್ಪನ ಕಡೆ ಕತ್ತು ಚಾಚಿದಳು. "ನನ್ನ ಮೊದಲಿನ ಎರಡ ಕೂಸು ಚಳಿಜ್ವರದಾಗ ಹೋದ್ವು. ನಿಮ್ಮಪ್ಪ ಮನಿಗಿ ಔಷಧ ಹೊಡದ ಮ್ಯಾಲ ಮೂರನೇದು ಉಳೀತು. ಆ ಮೂರನೇದರ ಮೊಮ್ಮಗ ಈ ಕೂಸು. ಝರೆಪ್ಪಣ್ಣ ಗಟ್ಟಿ ಇದ್ದಿದ್ದರ ಈಗೂ ಏನರ ದಾರಿ ಹುಡಕ್ತಿದ್ದ."

ಅವಳು ಹೋದ ಮೇಲೆ ನಾನು ಒಳಗೆ ಹೋಗಿ ಅಪ್ಪನ ಮಂಚದ ಹತ್ತಿರ ನೆಲದ ಮೇಲೆ ಕೂತೆ. ಅವನಿಗೆ ಎಚ್ಚರವಿತ್ತು. ಗುಂಡಮ್ಮನ ಮಾತೆಲ್ಲ ಕೇಳಿಸಿಕೊಂಡಿದ್ದ.

"ನೀರಾಗ ಏನ್ ಬಂದದ ಜಗೂ?"

"ಡಿ.ಡಿ.ಟಿ. ಅಪ್ಪಾ."

"ಎಷ್ಟ ಹಳೇದು?"

ಪಟ್ಟಿಯ ಮೊದಲ ಮತ್ತು ಕೊನೆಯ ವರ್ಷ ಹೇಳಿದೆ. ಎಂಬತ್ತೆಂಟರ ಜೂನ್ ಇಲ್ಲ ಎಂಬುದನ್ನೂ ಹೇಳಿದೆ. ಅಪ್ಪನ ಕೈ ತಾನಾಗಿಯೇ ಮೊಣಕಾಲಿನ ಹಳೆಯ ಗಂಟಿನ ಮೇಲೆ ಹೋಯಿತು. ಗೋಡೆಯ ಕಡೆ ಹೊರಳಿ ಮಲಗಿದ. ಅವತ್ತು ಊಟ ಮಾಡಲಿಲ್ಲ, ನಾನೂ ಮಾಡಲಿಲ್ಲ. ವೈಜಿನಾಥ ಒಬ್ಬರೇ ತಟ್ಟೆ ಮುಂದೆ ಕೂತು, ಅವರೂ ಎದ್ದುಬಿಟ್ಟರು. ನಾನು ಯಾವ ಪುಣ್ಯಕ್ಕೆ ಈ ನೌಕರಿ ಹಿಡಿದೆನೋ ಎಂದು ಕಣ್ಣೀರು ಹಾಕಿದೆ.

ಬೆಳಿಗ್ಗೆ ಹಲ್ಲುಜ್ಜಿ ಬಂದು ನೋಡಿದರೆ ಅಪ್ಪ ಬಾಗಿಲಲ್ಲಿ ನಿಂತಿದ್ದ. ಪೆಟ್ಟಿಗೆಯಿಂದ ಖಾಕಿ ಅಂಗಿ ತೆಗೆದು ಹಾಕಿಕೊಂಡಿದ್ದ. ಮೈ ಬತ್ತಿ ಅಂಗಿ ಜೋತು ಬಿದ್ದಿತ್ತು. ತಲೆಗೆ ಬಿಳಿ ಟೊಪ್ಪಿಗೆ.

"ನಡಿ. ನಿಮ್ಮ ಮೇಡಮ್ಮಗ ಫೋನ್ ಮಾಡು. ದರ್ಗಾದ ಹತ್ರ ಬರಲಿ."

ನಾವು ರಿಕ್ಷಾದಲ್ಲಿ ಹೋದೆವು. ಸೀತಾಫಲದ ಪೊದೆ ಒಂದೂ ಇರಲಿಲ್ಲ, ಎಲ್ಲಿ ನೋಡಿದರೂ ಮನೆಗಳು. ನಾನು ಚಿಕ್ಕಂದಿನಲ್ಲಿ ಕೂರುತ್ತಿದ್ದ ದರ್ಗಾದ ಕಟ್ಟೆ ಮಾತ್ರ ಹಾಗೇ ಇತ್ತು. ಅಪ್ಪ ಅದರ ಮೂಲೆಗೆ ಬೆನ್ನು ಹಚ್ಚಿ ನಿಂತು, ದಿಬ್ಬದ ತುದಿಯ ಕಡೆ ಮುಖ ಮಾಡಿ, ಹೆಜ್ಜೆ ಎಣಿಸತೊಡಗಿದ. "ಡಬ್ಬಿ ಹೊತ್ತಾಗ ಇನ್ನೂರಾ ಹತ್ತ ಹೆಜ್ಜಿ. ಈಗ ಹೆಜ್ಜಿ ಸಣ್ಣಾಗ್ಯಾವ" ಎಂದು ತನ್ನಷ್ಟಕ್ಕೇ ಅಂದುಕೊಂಡ. ನಿಖತ್ ಒಂದು ಕಡೆ, ನಾನು ಒಂದು ಕಡೆ. ಎರಡು ಓಣಿ ದಾಟಿ, ಅಂಗನವಾಡಿಯ ಹಿಂದಿನ ಗೋಡೆಯ ಹತ್ತಿರ ಬಂದು ನಿಂತ. ಅಲ್ಲಿ ನೆಲದಲ್ಲಿ ಹೂತ ಒಂದು ಕರಿಕಲ್ಲಿನ ತುದಿ ಕಾಣುತ್ತಿತ್ತು. ಅಂಗನವಾಡಿಯವರು ಅದರ ಮೇಲೆ ಬಟ್ಟೆ ಒಗೆಯುತ್ತಿದ್ದರು.

"ಇದರ ಆಜೂಕ ಬಾಜೂಕ ಮೂರ ಕಲ್ಲ ಇದ್ದವು. ನಡಕ ಗುಂಡಿ. ಇಣಿಕಿ ನೋಡಿದರ ಒಣಾ ಕತ್ತಲ. ಕಲ್ಲ ಒಗದ ನೋಡೀನಿ, ನೀರಿನ ಸಪ್ಪಳ ಬರ್ಲಿಲ್ಲ." ಕೊನೆಯ ಮಾತನ್ನು ಅವನು ನಿಖತ್‌ಗೆ ಹೇಳಿದ, ಪರೀಕ್ಷೆಯಲ್ಲಿ ಉತ್ತರ ಒಪ್ಪಿಸುವವನ ಹಾಗೆ.

ನೆಲದೊಳಗೆ ನೋಡುವ ಉಪಕರಣ ತಂದು ಅಲ್ಲಿ ಹಿಡಿದರು. ಹದಿನೇಳನೆಯ ಗಾಳಿಬಾವಿ ಅಲ್ಲೇ ಇತ್ತು. ನಕ್ಷೆಯಲ್ಲಿ ತೋರಿಸಿದ್ದ ಜಾಗಕ್ಕಿಂತ ನಲವತ್ತು ಅಡಿ ಪಕ್ಕಕ್ಕೆ.

ಕೇಂದ್ರಕ್ಕೆ ವಾಪಸ್ ಬಂದು ವರದಿ ತುಂಬುವಾಗ ನಿಖತ್ 'ಮೂಲ' ಎಂಬ ಕಡೆ ಬಂದು ಕೈ ನಿಲ್ಲಿಸಿದಳು. ಅಪ್ಪ ಕುರ್ಚಿಯಲ್ಲಿ ಕೂತು ಮಷಿನ್ ನೋಡುತ್ತಿದ್ದ. ಅವಳು ಮೆಲ್ಲಗೆ, "ಹಳೆಯ ಸರಕಾರಿ ಕೆಲಸ, ಯಾರದಂತ ಗೊತ್ತಿಲ್ಲ ಅಂತ ಬರೀತೀನಿ ಅಕ್ಕಾ. ಅಷ್ಟ ಸಾಕು" ಎಂದಳು. ನನಗೆ ಅವಳ ಕೈ ಹಿಡಿದುಕೊಳ್ಳಬೇಕೆನಿಸಿತು.

"ಬ್ಯಾಡವ್ವಾ" ಎಂದ ಅಪ್ಪ. ಕಿವಿ ಅವನಿಗೆ ಬೇಕಾದಾಗ ಚೆನ್ನಾಗಿ ಕೇಳಿಸುತ್ತಿತ್ತು. "ಊರಿನ ಗ್ವಾಡಿಗೆಲ್ಲ ನನ್ನ ಅಕ್ಷರ ಹಾಕೀನಿ. ಕೂಸು ಉಳದಾಗ ಝರೆಪ್ಪ ಹೊಡದ ಔಷಧ ಅಂದ್ರು, ಖುಷಿಯಿಂದ ಕೇಳೀನಿ. ಇದೊಂದಕ್ಕ ಗೊತ್ತಿಲ್ಲ ಅಂದ್ರ ಹ್ಯಾಂಗ? ಬರಿ. ಡಿ.ಡಿ.ಟಿ. ಮೂವತ್ತಾ ಐದ ಸುತ್ತು. ಝ."

ನಿಖತ್ ನನ್ನ ಕಡೆ ನೋಡಿದಳು. ನಾನು ತಲೆ ಆಡಿಸಿದೆ. ಅವಳು ಬರೆದಳು.

ಊರು ಅವನನ್ನು ಬಯ್ಯುತ್ತದೆ ಎಂದು ನಾನು ಹೆದರಿದ್ದೆ. ಒಂದಿಬ್ಬರು ಬಯ್ದರು, ಇಲ್ಲವೆನ್ನಲಾರೆ. ಗುಂಡಮ್ಮ ಅತ್ತೆ ಬಯ್ದವರ ಮನೆ ಬಾಗಿಲಿಗೇ ಹೋಗಿ, "ನಿಮ್ಮಪ್ಪ ಯಾರ ದೆಸಿಂದ ಬದುಕಿದ ಕೇಳ್ಕೋ ಹೋಗು" ಎಂದು ಜಾಡಿಸಿ ಬಂದಳು. ಆಮೇಲೆ ನಮ್ಮ ಮನೆಗೆ ಬಂದು ಅಪ್ಪನಿಗೂ, "ಹೊತ್ತು ಒಯ್ಯೋದ ಒಯ್ದಿ, ಇನ್ನೊಂದಿಷ್ಟು ಆಚೀಗಿ ಒಯ್ಯಲಾಕ ಏನಾಗಿತ್ತು ನಿನಗ ಧಾಡಿ?" ಎಂದಳು. ಎಷ್ಟೋ ದಿನದ ಮೇಲೆ ಅಪ್ಪ ನಕ್ಕ.

ಮಳೆ ನಿಂತ ಮೇಲೆ, ನವೆಂಬರಿನಲ್ಲಿ, ಹೂಳು ತೆಗೆಯುವ ಕೆಲಸ ಶುರುವಾಯಿತು. ಗಾಳಿಬಾವಿಯ ಸುತ್ತ ಉಕ್ಕಿನ ಕೊಳವೆ ಇಳಿಸಿ, ಕೆಳಗೆ ಕುಸಿಯದ ಹಾಗೆ ತಳ ಬಿಗಿದು, ಮೇಲಿನಿಂದ ಗೇಣುಗೇಣಾಗಿ ಮಣ್ಣು ಹೀರಿ, ಮುಚ್ಚಿದ ಪೀಪಾಯಿಗಳಲ್ಲಿ ದೊಡ್ಡ ಭಟ್ಟಿಗೆ ಕಳಿಸುತ್ತಿದ್ದರು. ಅಷ್ಟು ಬೆಂಕಿಗೆ ಮಾತ್ರ ಆ ಔಷಧ ಸಾಯುತ್ತದೆ. ಪ್ರತಿ ಗೇಣಿಗೂ ಒಂದು ಚಿಟಿಕೆ ಮಣ್ಣು ನನ್ನ ಮಷಿನ್ನಿಗೆ ಬರುತ್ತಿತ್ತು. ಮೇಲಿನ ಮಣ್ಣು ಈಚಿನದು, ಕೆಳಗೆ ಹೋದ ಹಾಗೆ ಹಳೆಯದು. ವರ್ಷಗಳು ಕಡೆಯದು ಮೊದಲಾಗಿ ಬರತೊಡಗಿದವು.

ಮೊದಲ ದಿನ ಸಂಜೆ ಮನೆಗೆ ಬಂದಾಗ ಅಪ್ಪ ಕಟ್ಟೆಯ ಮೇಲೆ ಕಾಯುತ್ತಿದ್ದ. "ಇವತ್ತ ಯಾವ ವರ್ಷ ಬಂತು?"

"ತೊಂಬತ್ತೊಂದು, ಉತ್ತರಿ."

ಅಪ್ಪ ಬೆರಳು ಮಡಚಿ ಎಣಿಸಿ, "ಅದು ನನ್ನ ಕಡೀ ಸುತ್ತು. ಪಂಪ್ ತಿರುಗಿ ಕೊಡುವಾಗ ಹಿಡಿಕಿಗಿ ಕುಂಕುಮ ಹಚ್ಚಿ ಕೊಟ್ಟೀನಿ. ಸ್ಟೋರಿನವ ನಕ್ಕ" ಎಂದ.

ಅಂದಿನಿಂದ ಅದೇ ನಮ್ಮ ಸಂಜೆಯ ಮಾತಾಯಿತು. ತಂಬಿಗೆಯ ಬದಲು ನಾನೊಂದು ವರ್ಷ ತರುತ್ತಿದ್ದೆ, ಅವನು ಅದನ್ನು ಬಿಚ್ಚುತ್ತಿದ್ದ. ಎಂಬತ್ತೆಂಟರ ಉತ್ತರಿ ಬಂದ ದಿನ, ಕಾಲು ಕೂಡಿದ ಮೇಲೆ ಮೊದಲ ಸಲ ಸೈಕಲ್ ಹತ್ತಿಸಲು ಅವ್ವ ಹಿಂದಿನಿಂದ ಓಡಿದ್ದನ್ನು ಹೇಳಿದ. ಎಂಬತ್ತಾರು ಬಂದಾಗ ನನಗೇ ನೆನಪಿತ್ತು: ಒಂದು ಮನೆಯ ಗೋಡೆಗೆ ಝ ಬರೆಯಲು ನನ್ನ ಕೈಗೆ ಕಾವಿ ಕೊಟ್ಟಿದ್ದ, ನಾನು ಉಲ್ಟಾ ಬರೆದಿದ್ದೆ, ಅವನು ಅಳಿಸಿರಲಿಲ್ಲ. ಎಪ್ಪತ್ತೊಂಬತ್ತರ ಮಿರಗದ ಸುತ್ತಿನ ನಡುವೆ ನಾನು ಹುಟ್ಟಿದೆನಂತೆ. ಸುದ್ದಿ ಮುಟ್ಟಿದಾಗ ಅವನ ಕೈಯೆಲ್ಲ ಬೆಳ್ಳಗೆ, ಮುಟ್ಟಬೇಡ ಎಂದು ಅಜ್ಜಿ ಬಾಗಿಲಲ್ಲೇ ತಡೆದಳಂತೆ. ಎರಡು ದಿನ ದೂರದಿಂದಲೇ ನೋಡಿದನಂತೆ. ಅದಕ್ಕೂ ಹಿಂದೆ ನಾನಿಲ್ಲ. ಅಲ್ಲಿ ಅವ್ವ ಇದ್ದಳು, ಹೊಸ ಸೀರೆಯ ಮದುಮಗಳಾಗಿ, ಗಂಡನ ಅಂಗಿಯ ವಾಸನೆಗೆ ಮೂಗು ಮುರಿಯುತ್ತಾ. ಅವ್ವ ತೀರಿ ಹನ್ನೊಂದು ವರ್ಷವಾಗಿತ್ತು. ಅಪ್ಪನ ಬಾಯಿಂದ ಅವಳ ಬಗ್ಗೆ ಇಷ್ಟು ಮಾತು ನಾನು ಕೇಳಿರಲೇ ಇಲ್ಲ.

ಊರಿನ ನೀರಿಗೆ ವಿಷವಾದದ್ದು ನನಗೆ ಪ್ರತಿ ಸಂಜೆ ಅಪ್ಪನನ್ನು ಕೊಟ್ಟಿತು. ಇದನ್ನು ಬೇರೆಯವರ ಮುಂದೆ ಹೇಳಲು ನಾಚಿಕೆಯಾಗುತ್ತದೆ. ಆದರೆ ಅದು ನಿಜ.

ಎಪ್ಪತ್ತನಾಲ್ಕರ ಮಿರಗ ಏಪ್ರಿಲ್ ಕೊನೆಗೆ ಬಂತು. ಅಪ್ಪನ ಮೊದಲ ಸುತ್ತು. ಅದರ ಕೆಳಗೆ ಸುಲ್ತಾನರ ಕಾಲದ ಬರೀ ಕೆಂಪು ಮಣ್ಣು. ಗಾಳಿಬಾವಿ ತೊಳೆದು, ಗೋಡೆ ಕಟ್ಟಿ, ಒಂದು ಮಳೆಗಾಲ ಕಾದು ನೋಡಬೇಕೆಂದಾಯಿತು. ಜೂನಿನಲ್ಲಿ ಕರೇಜಿನ ನೀರಿನಲ್ಲಿ ಇನ್ನೂ ಒಂದಿಷ್ಟು ಕಲಸಿದ ವರ್ಷಗಳು ಬಂದವು. ಜುಲೈಯಲ್ಲಿ ಬೆರಳೆಣಿಕೆಯಷ್ಟು. ಆಗಸ್ಟ್ ಹದಿನೆಂಟಕ್ಕೆ, ನನ್ನ ನಿವೃತ್ತಿಗೆ ಹದಿಮೂರು ದಿನ ಇರುವಾಗ, ಜಡಿಮಳೆಯ ಮರುದಿನ ಹಿಡಿದ ನೀರನ್ನು ಮಷಿನ್ನಿಗೆ ಹಾಕಿದೆ. ಅರ್ಧ ಗಂಟೆ ಕಾದೆವು. ಪರದೆಯ ಮೇಲೆ ಒಂದೂ ವರ್ಷ ಮೂಡಲಿಲ್ಲ. ಸೊನ್ನೆ.

ಕೇಂದ್ರದವರೆಲ್ಲ ಚಪ್ಪಾಳೆ ತಟ್ಟಿದರು. ನಿಖತ್ ನನ್ನನ್ನು ಅಪ್ಪಿಕೊಂಡಳು, ಯಾರೋ ಪೇಢೆ ತಂದರು. ನಾನು ಪೇಢೆ ಬಾಯಿಗೆ ಹಾಕಿಕೊಂಡು ಆ ಖಾಲಿ ಪರದೆ ನೋಡಿದೆ. ಇಷ್ಟು ದಿನ ಅಲ್ಲಿ ಅಪ್ಪನ ಕೈ ಇತ್ತು, ಎಲ್ಲ ಸುತ್ತು, ಎಲ್ಲ ಸಂಜೆ, ಎಲ್ಲ ಸೀತಾಫಲ. ಈಗ ಏನೂ ಇಲ್ಲ. ಇದಕ್ಕಾಗಿಯೇ ವರ್ಷವಿಡೀ ದುಡಿದವಳು ನಾನು, ಆದರೂ ದುಃಖ ಒತ್ತರಿಸಿ ಬಂತು. ಪೇಢೆ ಗಂಟಲಿಗೆ ಸಿಕ್ಕಿತೆಂದು ಎಲ್ಲರೂ ನೀರು ಕೊಟ್ಟರು.

ಸಂಜೆ ತಂಬಿಗೆ ತುಂಬಿಕೊಂಡು ಮನೆಗೆ ಬಂದೆ. ಅಪ್ಪ ಕಟ್ಟೆಯ ಮೇಲಿದ್ದ.

"ಇವತ್ತ ಯಾವ ವರ್ಷ ಬಂತು?"

"ಯಾವುದೂ ಬರ್ಲಿಲ್ಲ ಅಪ್ಪಾ."

"ಎಪ್ಪತ್ತನಾಲ್ಕೂ ಇಲ್ಲ?"

"ಇಲ್ಲ."

ಅವನು ತಂಬಿಗೆ ತೆಗೆದುಕೊಂಡು ಬೆಳಕಿಗೆ ಹಿಡಿದು ನೋಡಿದ. ಕುಡಿದ. ನಿಧಾನವಾಗಿ, ಪೂರ್ತಿ. ಮೀಸೆ ಒರೆಸಿಕೊಂಡ. ಈ ಸಲ ಯಾರ ಕೈಯೂ ತಾಗಿಲ್ಲ ಎನ್ನಲಿಲ್ಲ. "ಕಾವಿ ಅದಾ ಮನ್ಯಾಗ?" ಎಂದು ಕೇಳಿದ.

ದೇವರ ಕಟ್ಟೆಗೆ ಬಳಿಯಲು ತಂದಿಟ್ಟ ಕಾವಿ ಸ್ವಲ್ಪ ಇತ್ತು. ನೀರಿನಲ್ಲಿ ಕಲಸಿ ಕೊಟ್ಟೆ. ಅಪ್ಪ ಬಾಗಿಲ ಚೌಕಟ್ಟು ಹಿಡಿದು ಎದ್ದು ನಿಂತು, ನಮ್ಮ ಸಿಮೆಂಟು ಗೋಡೆಯ ಮೇಲೆ ಬೆರಳಿನಿಂದ ಬರೆದ. ಡಿ.ಡಿ.ಟಿ. ಸುತ್ತು ಮುಗಿದಿದೆ. ೧೮-೮-೩೯. ಅಂಕಿಗಳು ಓರೆಯಾದವು. ಕೊನೆಗೆ ಝ. ಅದು ಮಾತ್ರ ನೆಟ್ಟಗೆ ಬಂತು.

ಒಂದು ಹೆಜ್ಜೆ ಹಿಂದೆ ಸರಿದು ನೋಡಿ, ಗಂಟಲು ಗಟ್ಟಿ ಮಾಡಿಕೊಂಡ.

"ಮೂರ ತಿಂಗಳ ಗ್ವಾಡಿ ಸಾರಸಬ್ಯಾಡ್ರಿ."

ನಾನು ಸೆರಗು ಮೂಗಿಗೆ ಹಿಡಿದು, "ಆಯ್ತ್ರಿ ಪಂಪಿನ ಸಾಹೇಬ್ರ" ಎಂದೆ.